ಕರೆಯದೆ ಬಂದ ಶಾಮಿಯಾನದ ವೆಂಕಟರಾಯಪ್ಪ

ಬೆಳಗಾಗೆದ್ದು ಸ್ನಾನ ಮುಗಿಸಿ, ಕಾಫಿ ಲೋಟ ಮುಟ್ಟುವ ಮೊದಲು ವೆಂಕಟರಾಯಪ್ಪ ಹೋಗಿ ಗೋಡೌನಿನ ಬೀಗ ತೆಗೆಯುತ್ತಿದ್ದ. ಒಳಗೆ ಬಾಗಿಲ ಪಕ್ಕದಲ್ಲೇ ಒಂದು ಸರ್ವೆ ಕಂಬ ಗೋಡೆಗೆ ಒರಗಿ ನಿಂತಿತ್ತು. ಅವನಪ್ಪನ ಕಾಲದ್ದು. ಅದಕ್ಕೆ ಕುಂಕುಮದ ಬೊಟ್ಟಿಟ್ಟು, ಊದುಬತ್ತಿ ಹಚ್ಚಿ, ಮಡಿಸಿ ಜೋಡಿಸಿದ್ದ ಬಟ್ಟೆಗಳಲ್ಲಿ ಒಂದನ್ನು ಎಳೆದು, ಜೋರಾಗಿ ಕೊಡವಿ, ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದ. ಇಲಿ ಕಚ್ಚಿದ ತೂತು, ಒಲೆಯ ಕಿಡಿ ಬಿದ್ದು ಸುಟ್ಟ ಕಲೆ, ಗಾಳಿಗೆ ಬಿಟ್ಟುಕೊಂಡ ಹೊಲಿಗೆ, ಏನಾದರೊಂದು ಇದ್ದೇ ಇರುತ್ತಿತ್ತು. ದಬ್ಬಣ ದಾರ ತಂದು ಅಲ್ಲೇ ಕೂತು ಹೊಲಿದು, ಮತ್ತೆ ಮಡಿಸಿಟ್ಟ ಮೇಲೆಯೇ ಮನೆಗೆ ಹೋಗಿ ಕಾಫಿ. ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ಮಗಳ ಮದುವೆಯೇ ಇರಲಿ, ಅದೊಂದನ್ನು ತಪ್ಪಿಸಿದವನಲ್ಲ.

"ನಿಮ್ಮ ಯಜಮಾನ್ರು ಬೆಳಿಗ್ಗೆ ಬೆಳಿಗ್ಗೆ ಯಾವ್ ದೇವಸ್ಥಾನಕ್ಕೆ ಹೋಗ್ತಾರೆ?" ಅಂತ ಬೀದಿಗೆ ಹೊಸದಾಗಿ ಬಂದವರು ಕೇಳಿದರೆ, ಅವನ ಹೆಂಡತಿ ಅನುಸೂಯಮ್ಮ ನಗದೇ ಹೇಳುತ್ತಿದ್ದಳು: "ಶಾಮಿಯಾನೇಶ್ವರನ ಗುಡಿಗೆ."

ದೊಡ್ಡಬಳ್ಳಾಪುರದ ಕಡೆ, ಮಾಕಳಿದುರ್ಗದ ಬೆಟ್ಟ ಕಾಣುವಷ್ಟು ದೂರದಲ್ಲಿ ಅವರ ಊರು. ಅವನಪ್ಪ ಹಸಿರು ಚಪ್ಪರ ಹಾಕುತ್ತಿದ್ದ ಮನುಷ್ಯ. ಸರ್ವೆ ಕಂಬ ನೆಟ್ಟು, ಮೇಲೆ ತೆಂಗಿನ ಗರಿ ಹೊದಿಸಿ, ಸುತ್ತ ಹೊಂಗೆ ಸೊಪ್ಪು ಕಟ್ಟಿದರೆ, ಅದರ ಕೆಳಗಿನ ತಂಪಿಗೆ ಮದುವೆ ಮನೆಯ ಅಜ್ಜಿಯರು ಊಟ ಮುಗಿದರೂ ಏಳುತ್ತಿರಲಿಲ್ಲವಂತೆ. ವೆಂಕಟರಾಯಪ್ಪನ ಕಾಲಕ್ಕೆ ಸೊಪ್ಪು ಹೋಗಿ ಬಟ್ಟೆ ಬಂತು. ಮರದ ಕಂಬ ಹೋಗಿ ಕಬ್ಬಿಣದ ಪೈಪು ಬಂತು. ಮೊದಲು ಅವನ ಹತ್ತಿರ ಇದ್ದದ್ದು ಚಿಕ್ಕ ಸೆಟ್ಟು, ಒಂದು ಮನೆಯ ಅಂಗಳ ಮುಚ್ಚುವಷ್ಟು. ಆಮೇಲೆ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ನೆಲಕ್ಕೆ ಬೆಲೆ ಬಂತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಬಿಳಿ ಕಲ್ಲು ನೆಟ್ಟು ಸೈಟು ಮಾಡಿದರು. ಒಂದೊಂದು ಬಡಾವಣೆಗೂ ಒಂದೊಂದು ಭೂಮಿಪೂಜೆ, ಒಂದೊಂದು ಪೂಜೆಗೂ ಒಂದು ಸಭೆ, ಭಾಷಣ, ಬಿರಿಯಾನಿ. ಆ ಸಭೆಗಳಿಗಾಗಿಯೇ ವೆಂಕಟರಾಯಪ್ಪ ದೊಡ್ಡ ಸೆಟ್ಟು ಮಾಡಿದ. ಎತ್ತರದ ಪೈಪು, ಅಗಲದ ಬಟ್ಟೆ, ಕೆಂಪು ಕುರ್ಚಿಗಳು. ಮನೆಯಲ್ಲಿ ಜಾಗ ಸಾಲದೆ ಊರ ಮುಂದಿನ ಗೋಡೌನನ್ನು ಬಾಡಿಗೆಗೆ ಹಿಡಿದ.

ಅಂಥ ಒಂದು ಭೂಮಿಪೂಜೆಯಲ್ಲೇ ಪಕ್ಕದ ಊರಿನ ಮೂರ್ತಿ ಮೊದಲನೇ ಸಲ ಮೈಕು ಹಿಡಿದದ್ದು. ಆಗ ಅವನು ಹಳೇ ಸ್ಕೂಟರಿನಲ್ಲಿ ಸೈಟು ತೋರಿಸಿಕೊಂಡು ಓಡಾಡುತ್ತಿದ್ದ ಹುಡುಗ. ನಾಲ್ಕು ಜನ ದೊಡ್ಡವರು ಮಾತಾಡಿ ಕೂತಮೇಲೆ, "ನೀನೂ ಎರಡು ಮಾತಾಡಪ್ಪಾ" ಅಂದುಬಿಟ್ಟರು. ಹುಡುಗನ ಕೈ ನಡುಗಿ ಮೈಕು ಹಲ್ಲಿಗೆ ಬಡಿಯಿತು. ವೆಂಕಟರಾಯಪ್ಪ ಹಿಂದಿನಿಂದ ಬಂದು, "ಆ ಕಂಬ ಹಿಡ್ಕಂಡು ಮಾತಾಡು ಕಣೋ, ಕೈ ನಿಲ್ಲುತ್ತೆ" ಅಂದ. ನಿಂತಿತು. ಅಲ್ಲಿಂದ ಮೂರ್ತಿ ನಿಂತದ್ದೇ ಇಲ್ಲ. ಗ್ರಾಮ ಪಂಚಾಯ್ತಿ ಗೆದ್ದ, ತಾಲ್ಲೂಕು ಪಂಚಾಯ್ತಿ ಗೆದ್ದ, ಸ್ಕೂಟರು ಹೋಗಿ ಬಿಳಿ ಕಾರು ಬಂತು. ಆದರೂ ದಾರಿಯಲ್ಲಿ ಸಿಕ್ಕಾಗಲೆಲ್ಲ ಗಾಜು ಇಳಿಸಿ, "ವೆಂಕಟರಾಯಣ್ಣಾ, ಚೆನ್ನಾಗಿದೀಯಾ?" ಅಂತ ಕೇಳದೆ ಹೋಗುತ್ತಿರಲಿಲ್ಲ.

ವೆಂಕಟರಾಯಪ್ಪನ ವ್ಯವಹಾರದಲ್ಲಿ ಒಂದು ಪದ್ಧತಿಯಿತ್ತು. ಅದು ಸುತ್ತಲ ಊರುಗಳಿಗೆಲ್ಲ ಗೊತ್ತು. ಮದುವೆ, ನಾಮಕರಣ, ಗೃಹಪ್ರವೇಶವಾದರೆ ಮನೆಯವರು ಎಲೆ ಅಡಿಕೆ ತಂದು ಹೇಳಿಹೋಗಬೇಕು. ಹೇಳದೆ ಅವನು ಬರುತ್ತಿರಲಿಲ್ಲ. ಸಾವಿನ ಮನೆಗೆ ಹಾಗಲ್ಲ. ಅಳುವ ಮನೆಯವರು ಶಾಮಿಯಾನದವನನ್ನು ಹುಡುಕಿಕೊಂಡು ಬರಬೇಕೇ ಅನ್ನುವುದು ಅವನ ಮಾತು. ಸುದ್ದಿ ಕಿವಿಗೆ ಬಿದ್ದರೆ ಸಾಕು, ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಟಿವಿಎಸ್ಸಿನ ಹಿಂದೆ ಹಗ್ಗದ ಸುರುಳಿ ಕಟ್ಟಿಕೊಂಡು ಮೊದಲು ತಾನೊಬ್ಬನೇ ಹೊರಡುತ್ತಿದ್ದ. ಅಂಗಳವನ್ನು ಹೆಜ್ಜೆಯಲ್ಲಿ ಅಳೆದು, ತಲೆಯೆತ್ತಿ ಬಿಸಿಲು ಯಾವ ಕಡೆ ತಿರುಗುತ್ತದೆ ನೋಡಿ, ಆಮೇಲೆ ಆಳುಗಳಿಗೆ ಫೋನು. ಮಲಗಿಸಿದವರ ಮುಖದ ಮೇಲೆ ಬಿಸಿಲು ಬೀಳಬಾರದು ಅನ್ನುವುದೊಂದೇ ಅವನ ಚಿಂತೆ. ಬಾಡಿಗೆಯ ಮಾತು ತಿಥಿಯೆಲ್ಲ ಕಳೆದಮೇಲೆ, ಅವರಾಗಿಯೇ ಎತ್ತಿದರೆ.

ಹೀಗೆ ನಡೆಯುತ್ತಿದ್ದ ಬದುಕಿಗೆ ಕೊರೋನಾ ಬಂದ ವರ್ಷ ಯುಗಾದಿ ಹೊತ್ತಿಗೆ ಬೀಗ ಬಿತ್ತು. ಮದುವೆಗಳು ಮುಂದಕ್ಕೆ ಹೋದವು. ನಡೆದ ಮದುವೆಗಳೂ ಮನೆಯ ಹಜಾರದಲ್ಲಿ, ಬೆರಳೆಣಿಕೆಯ ಜನ, ಮೂಗಿನ ಮೇಲೆ ಮಾಸ್ಕು. ಭೂಮಿಪೂಜೆ ಮಾಡುವವರು ಎಲ್ಲಿದ್ದಾರೋ ಗೊತ್ತಿರಲಿಲ್ಲ. ಆಕಾಶದಲ್ಲಿ ವಿಮಾನದ ಸದ್ದೇ ನಿಂತುಹೋಗಿ, ಊರಿನವರು ತಲೆಯೆತ್ತಿ ನೋಡಿ, "ಯಾಕೋ ಭಣಭಣ ಅನ್ನುತ್ತೆ" ಅಂದುಕೊಳ್ಳುತ್ತಿದ್ದರು. ವೆಂಕಟರಾಯಪ್ಪನ ಆಳುಗಳು ಒಬ್ಬೊಬ್ಬರಾಗಿ ದಾಬಸ್‌ಪೇಟೆಯ ಫ್ಯಾಕ್ಟರಿಗಳ ಬಾಗಿಲಿಗೆ ಹೋಗಿ ನಿಂತರು. ಅವನು ಮಾತ್ರ ದಿನಾ ಹೋಗಿ ಬಟ್ಟೆ ಕೊಡವಿ ಬರುತ್ತಿದ್ದ.

ಶ್ರಾವಣ ಮುಗಿಯುತ್ತಾ ಬಂದಾಗ ಗೋಡೌನಿನ ಮಾಲೀಕ ಚಿನ್ನಸ್ವಾಮಿ ಬಂದ. ಕೆಟ್ಟವನಲ್ಲ. ಬಾಡಿಗೆ ನಿಂತು ತಿಂಗಳುಗಳಾಗಿದ್ದರೂ ಬಾಯಿಬಿಟ್ಟಿರಲಿಲ್ಲ.

"ವೆಂಕಟರಾಯಪ್ಪಾ, ನಂದೂ ಬ್ಯಾಂಕ್ ಲೋನೈತೆ. ಪಾರ್ಸಲ್ ಕಂಪನಿಯೋರು ಬಂದು ಜಾಗ ನೋಡ್ಕಂಡು ಹೋದ್ರು. ಗೌರಿ ಹಬ್ಬದೊಳಗೆ ನೀನು ಹಳೇ ಬಾಡಿಗೆ ಕೊಟ್ರೆ ಅವರಿಗೆ ಇಲ್ಲ ಅಂತೀನಿ. ಇಲ್ದಿದ್ರೆ ನೀನೇ ಹೇಳಪ್ಪಾ, ನಾನೇನ್ ಮಾಡ್ಲಿ?"

ಮಾರನೇ ದಿನ ಯಾರು ಸುದ್ದಿ ಮುಟ್ಟಿಸಿದರೋ, ಗುಜರಿಯವನು ಬಂದು ಪೈಪುಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದ. "ತೂಕಕ್ಕೆ ಹಾಕಣ್ಣ, ಇವತ್ತೇ ಗಾಡಿ ತರ್ತೀನಿ. ದೊಡ್ಡದು ಚಿಕ್ಕದು ಎಲ್ಲಾ ಸೇರ್ಸಿ ಒಂದೇ ರೇಟು" ಅಂದ. ದನದ ಸಂತೆಯಲ್ಲಿ ಹಸುವಿನ ಹಲ್ಲು ನೋಡುವವರ ಹಾಗೆ ಅವನು ಬಗ್ಗಿ ನೋಡಿದ್ದು ವೆಂಕಟರಾಯಪ್ಪನಿಗೆ ಸಹಿಸಲಾಗಲಿಲ್ಲ. ಬೀಗ ಹಾಕಿಕೊಂಡು ಮನೆಗೆ ಬಂದು ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ.

ಅನುಸೂಯಮ್ಮ ಬೆಳ್ಳುಳ್ಳಿ ಸುಲಿಯುತ್ತಾ ಅಂದಳು: "ಮೂರ್ತಿನ ಒಂದ್ಮಾತು ಕೇಳ್ಬಾರ್ದಾ?"

"ಏನಂತ ಕೇಳ್ಲಿ?"

"ಬಾಯಲ್ಲಿ ಕೇಳಿ. ಎಲ್ಲಾರೂ ಬಾಯಲ್ಲೇ ಕೇಳೋದು."

"ಅವನ ಮನೆ ಮುಂದೆ ದಿನಾ ಕೇಳೋರ ಸಾಲು ನಿಂತಿರುತ್ತಂತೆ ಕಣೇ. ಆ ಸಾಲಲ್ಲಿ ನಾನೂ ಹೋಗಿ ನಿಂತ್ಕಳ್ಲಾ?"

"ನಿಂತ್ಕಳಿ. ನೀವು ಹಾಕಿದ ಶಾಮಿಯಾನದ ಕೆಳಗೆ ಅರ್ಧ ತಾಲ್ಲೂಕು ಊಟಕ್ಕೆ ಸಾಲು ನಿಂತೈತೆ. ಒಂದಿನ ನೀವು ನಿಂತ್ರೆ ಕಾಲು ಸವೆಯಲ್ಲ."

"ಅವನು ಕೊಡಲ್ಲ ಅಂದ್ರೆ?"

"ಆಗ ಗೋಡೆ ಕಡೆ ತಿರುಗಿ ಮಲಕ್ಕಳಿ. ಈಗ್ಲೇ ಯಾಕೆ?"

ಮದುವೆಯಾದಾಗಿನಿಂದ ಅವನು ಯಾರ ಮುಂದೆಯೂ ಕೈಯೊಡ್ಡಿದವನಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಅದಕ್ಕೇ ಮರುದಿನ ಬೆಳಿಗ್ಗೆ ಅವನು ಗೋಡೌನಿನಿಂದ ಬರುವಷ್ಟರಲ್ಲಿ, ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ, ಹೊಸ ಟವೆಲನ್ನು ಮಂಚದ ಮೇಲೆ ಇಟ್ಟಿದ್ದಳು. ನಾಲ್ಕು ಜನರ ಮುಂದೆ ಹೋಗಲು ಅವನಿಗಿದ್ದ ಒಳ್ಳೆಯ ಬಟ್ಟೆ ಅದೊಂದೇ.

ದಾರಿಯುದ್ದಕ್ಕೂ ವೆಂಕಟರಾಯಪ್ಪ ಮಾತು ಜೋಡಿಸಿದ. "ಮೂರ್ತಿ, ಒಂದ್ ವಿಷ್ಯ ಇತ್ತು" ಅನ್ನಬೇಕೋ, "ಮೂರ್ತಿಯವರೇ, ತಮ್ಮ ಹತ್ರ ಒಂದ್ ಕೆಲ್ಸ ಇತ್ತು" ಅನ್ನಬೇಕೋ. ಹುಡುಗನಾಗಿದ್ದಾಗಿನಿಂದ ನೀನು ಅಂತ ಕರೆದವನು. ಆದರೆ ಕೇಳುವ ಬಾಯಿಂದ ನೀನು ಬಂದರೆ ಚೆನ್ನಾಗಿರುತ್ತದೆಯೇ? "ಮುಂದಿನ ಸುಗ್ಗಿ ಹೊತ್ತಿಗೆ ತೀರಿಸಿಬಿಡ್ತೀನಿ" ಅನ್ನೋಣವೆಂದರೆ, ಅವನಿಗೆ ಯಾವ ಹೊಲ, ಯಾವ ಸುಗ್ಗಿ? ಮದುವೆಗಳೇ ಅವನ ಸುಗ್ಗಿ. ಅದು ಯಾವಾಗ ಬರುತ್ತದೆಂದು ಸರ್ಕಾರಕ್ಕೇ ಗೊತ್ತಿರಲಿಲ್ಲ. ಈ ಯೋಚನೆಯಲ್ಲಿ ಅವನು ಎರಡು ವಿಷಯ ಮರೆತಿದ್ದ. ಟಿವಿಎಸ್ಸಿನ ಹಿಂದೆ ಹಗ್ಗದ ಸುರುಳಿ ಹಾಗೇ ಕಟ್ಟಿತ್ತು. ಮತ್ತೆ, ಮೂರ್ತಿಯ ತಾಯಿ ವರಲಕ್ಷ್ಮಮ್ಮ ಆಷಾಢದಲ್ಲಿ ಬಚ್ಚಲಲ್ಲಿ ಜಾರಿಬಿದ್ದು, ಹಾಸಿಗೆ ಹಿಡಿದು ಮಲಗಿದ್ದರು.

ಮೂರ್ತಿಯ ಊರಿಗೆ ತಿರುಗುವಲ್ಲಿ ಹಾಲಿನ ಡೈರಿ. ಕ್ಯಾನು ಹಿಡಿದುಕೊಂಡು ನಿಂತಿದ್ದ ಲಕ್ಷ್ಮೀದೇವಮ್ಮ, ಮೂರ್ತಿಯ ಮನೆಯ ಪಕ್ಕದವಳು, ಬಿಳಿ ಪಂಚೆ, ಬಿಳಿ ಅಂಗಿಯ ವೆಂಕಟರಾಯಪ್ಪನನ್ನು ಕಂಡಳು. ಹಗ್ಗ ಕಂಡಳು. ಗಾಡಿ ಯಾವ ಬೀದಿಗೆ ತಿರುಗಿತೆಂದು ಕಂಡಳು.

"ಅಯ್ಯೋ ನಮ್ಮಪ್ಪನೇ! ವರಲಕ್ಷ್ಮಮ್ಮ ಹೋಗ್ಬಿಟ್ರು ಕಣ್ರೇ!"

ಡೈರಿಯ ಮುಂದಿದ್ದವರೆಲ್ಲ ಅವಳ ಹಿಂದೆ ಹೊರಟರು. ಯಾರೂ, ಯಾರು ಹೇಳಿದರು ಅಂತ ಕೇಳಲಿಲ್ಲ. ಕೇಳುವುದೇನು? ವೆಂಕಟರಾಯಪ್ಪ ಕರೆಯದೆ ಬಂದಮೇಲೆ ಸುದ್ದಿ ನಿಜವೇ.

ಇತ್ತ ವೆಂಕಟರಾಯಪ್ಪ ಮೂರ್ತಿಯ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಇಳಿದ. ಮೂರ್ತಿಯ ಕಾರಿರಲಿಲ್ಲ. ಸಾಲು ನಿಂತವರೂ ಇರಲಿಲ್ಲ. ಒಳಗೆ ಹೋಗುವುದೋ, ಹಾಗೇ ತಿರುಗಿ ಹೋಗುವುದೋ ತೋಚದೆ, ಧೈರ್ಯ ಬರುವವರೆಗೆ ಅಂಗಳದಲ್ಲಿ ಅತ್ತಿಂದಿತ್ತ ಹೆಜ್ಜೆ ಹಾಕಿದ. ಒಮ್ಮೆ ನಿಂತು ತಲೆಯೆತ್ತಿ ಸೂರ್ಯನನ್ನು ನೋಡಿದ, ಹೊತ್ತೆಷ್ಟಾಯಿತು ಅಂತ. ಅಷ್ಟೇ ಸಾಕಾಯಿತು. ಗೇಟಿನ ಹತ್ತಿರ ಬಂದು ನಿಂತಿದ್ದ ಹೆಂಗಸರಲ್ಲಿ ಒಬ್ಬಳು, "ನೋಡ್ರೇ, ಅಳೀತಾ ಅವ್ನೆ" ಅಂದಳು. ಲಕ್ಷ್ಮೀದೇವಮ್ಮ ಕ್ಯಾನು ಕೆಳಗಿಟ್ಟು, ಸೆರಗು ಬಾಯಿಗಿಟ್ಟು, ದೊಡ್ಡ ದನಿಯಲ್ಲಿ ಶುರು ಮಾಡಿದಳು: "ನಮ್ಮತ್ತೇ, ನನ್ ಕೂಗಿ ಹಿತ್ತಲ ನುಗ್ಗೇಕಾಯಿ ಕೊಡ್ತಿದ್ದ ತಾಯೀ..." ಗಂಡಸರಲ್ಲಿ ಯಾರೋ ಮೂರ್ತಿಗೆ ಫೋನು ಹಚ್ಚಿದರು. ಅವನು ದೇವನಹಳ್ಳಿಯಲ್ಲಿ ಯಾರದೋ ಮನೆಯಲ್ಲಿದ್ದ.

ತಾನು ಬಂದ ಹೊತ್ತಿಗೇ ಸರಿಯಾಗಿ ಈ ಮನೆಯಲ್ಲಿ ಸಾವಾಗಿದೆ ಅಂತ ವೆಂಕಟರಾಯಪ್ಪನೂ ನಂಬಿದ. ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಷ್ಟು ಹೊತ್ತು ಜೋಡಿಸಿದ ಮಾತುಗಳೆಲ್ಲ ಎಲ್ಲಿ ಹೋದವೋ. ಈ ಅಂಗಳಕ್ಕೆ ಚಿಕ್ಕ ಸೆಟ್ಟು ಸಾಕು, ಪಡುವಲ ಕಡೆ ಒಂದು ಪರದೆ ಬೇಕು ಅಂತ ಮನಸ್ಸು ಲೆಕ್ಕ ಹಾಕತೊಡಗಿತು.

ಆಗ ಬೀದಿ ಕಡೆಯ ಕಿಟಕಿಯಿಂದ ಒಂದು ದನಿ ಬಂತು.

"ಯಾರ್ಲಾ ಅದು ಬೆಳಿಗ್ಗೆ ಬೆಳಿಗ್ಗೆ ನಮ್ಮನೆ ಮುಂದೆ ಅಳ್ತಿರೋದು? ಯಾರೇ ಹೋದ್ರು?"

"ನೀವೇ ಕಣತ್ತೇ!" ಅಂದುಬಿಟ್ಟಳು ಲಕ್ಷ್ಮೀದೇವಮ್ಮ. ಅಂದಮೇಲೆ ಬಾಯಿ ತೆರೆದದ್ದು ಹಾಗೇ ನಿಂತುಹೋಯಿತು.

ಆಮೇಲೆ ಕಿಟಕಿಯ ಹಿಂದೆ ವರಲಕ್ಷ್ಮಮ್ಮ ನಗುವುದು ಕೇಳಿಸಿತು. ಸೊಂಟ ನೋವಿಗೆ ನಗಲಾರದೆ, "ಅಮ್ಮಾ... ಅಯ್ಯಮ್ಮಾ..." ಅನ್ನುತ್ತಾ ನಗುವ ನಗು. ಬೀದಿಯವರಿಗೂ ನಗು ಹತ್ತಿತು. ಗಂಡಸರು ಮುಖ ಬೇರೆ ಕಡೆ ತಿರುಗಿಸಿಕೊಂಡರು. ಲಕ್ಷ್ಮೀದೇವಮ್ಮ ಮಾತ್ರ ವೆಂಕಟರಾಯಪ್ಪನ ಕಡೆ ತಿರುಗಿ, "ನೀನ್ಯಾಕಣ್ಣ ಹಗ್ಗ ಕಟ್ಕಂಡು ಬಂದೆ? ನನ್ ಹಾಲು ನೋಡು, ನಾಯಿ ಬಾಯಿ ಹಾಕ್ಬಿಡ್ತು" ಅಂತ ಕ್ಯಾನು ಎತ್ತಿಕೊಂಡು ಹೊರಟಳು.

ನೆಲ ಬಾಯಿಬಿಟ್ಟರೆ ಇಳಿದುಬಿಡುವಂತಿತ್ತು ವೆಂಕಟರಾಯಪ್ಪನಿಗೆ. ಗಾಡಿಯ ಕಡೆ ಹೆಜ್ಜೆ ಇಟ್ಟ.

"ಎಲ್ಲಿಗ್ಹೋಗ್ತೀಯಾ ವೆಂಕಟರಾಯ? ಒಳಕ್ ಬಾ. ಚಪ್ಪರ ಹಾಕೋನು ಬಂದ್ಮೇಲೆ ಹಂಗೇ ಕಳಿಸ್ಬಾರ್ದು."

ಒಳಗೆ ಹೋಗಿ ಬಾಗಿಲ ಹತ್ತಿರವೇ ನೆಲದ ಮೇಲೆ ಕೂತ. ವರಲಕ್ಷ್ಮಮ್ಮ ದಿಂಬಿಗೆ ಒರಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬೆಳ್ಳಗೆ ನರೆತ ತಲೆ, ಹಣೆ ತುಂಬ ಕುಂಕುಮ, ಮುಖ ತುಂಬ ನಗು. ಮಲಗಿ ಮಲಗಿ ಬೇಜಾರಾಗಿದ್ದವರಿಗೆ ಆ ಬೆಳಿಗ್ಗೆ ಒಂದು ಹಬ್ಬವಾದಂತೆ ಆಗಿತ್ತು.

"ಅಳತೆ ಸರಿಯಾಯ್ತಾ?"

"ಬುಡಿ ಅಮ್ಮಾ. ನನ್ ಮಾನ ತೆಗೀಬೇಡಿ."

"ಅಲ್ಲ ಕಣಪ್ಪಾ, ನಿಜ ಕೇಳ್ತಿದೀನಿ. ನಂಗೆ ಹಾಕೋವಾಗ ಆ ತುಳಸಿಕಟ್ಟೆ ಮುಚ್ಬೇಡ. ನೀರು ಹಾಕೋರಿಗೆ ದಾರಿ ಇರ್ಲಿ." ಇಷ್ಟು ಹೇಳಿ, ಅವನ ಮುಖ ನೋಡಿ, ದನಿ ಇಳಿಸಿದರು. "ಸಾವಿಲ್ಲದ ಮನೆಗೆ ಕರೀದೆ ಬರೋನಲ್ಲ ನೀನು. ಯಾಕ್ ಬಂದೆ?"

ವೆಂಕಟರಾಯಪ್ಪ ಟವೆಲಿನ ಅಂಚನ್ನು ಸುತ್ತಿದ, ಬಿಚ್ಚಿದ. ವರಲಕ್ಷ್ಮಮ್ಮ ಕಾದರು. ಅವರು ಕಾಯುವುದರಲ್ಲಿ ಗಟ್ಟಿಗರು. ಆದರೂ ಅವನ ಬಾಯಿಂದ ಹೊರಟದ್ದು, "ಸುಮ್ನೆ ಬಂದೆ ಅಮ್ಮಾ, ನಿಮ್ಮನ್ನ ನೋಡ್ಕಂಡೋಗಾನಾ ಅಂತ" ಅಷ್ಟೇ. "ನೋಡಿದೆಯಲ್ಲ, ಬದುಕಿದೀನಿ. ತಿಂಡಿ ತಿನ್ನು" ಅಂದು ಸೊಸೆಯನ್ನು ಕೂಗಿದರು. ಚಿತ್ರಾನ್ನ ಬಂತು.

ತಟ್ಟೆ ಅರ್ಧ ಖಾಲಿಯಾಗುವಷ್ಟರಲ್ಲಿ ಕಾರು ಬಂದು ನಿಂತ ರಭಸಕ್ಕೆ ಅಂಗಳದ ಕಲ್ಲು ಸಿಡಿದವು. ಸುದ್ದಿ ಸುಳ್ಳೆಂದು ಅವನಿಗೆ ಮತ್ತೆ ಫೋನು ಮಾಡುವುದು ಯಾರಿಗೂ ನೆನಪಾಗಿರಲಿಲ್ಲ. ಮೂರ್ತಿ ಓಡಿಕೊಂಡು ಬಂದ. ಒಂದು ಕಾಲಲ್ಲಿ ಮಾತ್ರ ಚಪ್ಪಲಿಯಿತ್ತು. ಕಣ್ಣು ಕೆಂಪಾಗಿತ್ತು. ಮಾಸ್ಕು ಕುತ್ತಿಗೆಗೆ ಜಾರಿತ್ತು. ಬಾಗಿಲಲ್ಲಿ ನಿಂತು ತಾಯಿಯನ್ನು ನೋಡಿದ. ತಾಯಿ, "ಬಾಪ್ಪಾ, ತಿಂಡಿ ತಿಂತೀಯಾ?" ಅಂದರು. ಮೂರ್ತಿ ಹೋಗಿ ಅವರ ಕಾಲ ಹತ್ತಿರ ಮಂಚಕ್ಕೆ ತಲೆಯಿಟ್ಟು, ಎರಡೆರಡು ಚುನಾವಣೆ ಗೆದ್ದವನು, ಮಗುವಿನ ಹಾಗೆ ಅತ್ತುಬಿಟ್ಟ.

ಅತ್ತು ಮುಗಿದ ಮೇಲೆ ಕೋಪ ಬಂತು. "ಏನಣ್ಣಾ ನೀನು? ಗೊತ್ತಾಗಲ್ವಾ? ಅಮ್ಮ ಹಿಂಗೆ ಮಲಗವ್ರೆ, ನೀನು ಈ ವೇಷದಲ್ಲಿ ಬಂದು ಅಂಗಳ ಅಳೆದ್ರೆ ಊರು ಏನ್ ಅನ್ಕತದೆ? ಒಂದು ಫೋನ್ ಮಾಡಿ ಬರಕಾಗ್ತಿರ್ಲಿಲ್ವಾ?"

"ಫೋನಲ್ಲಿ ಹೆಂಗಪ್ಪಾ ಸಾಲ ಕೇಳೋದು?" ಅಂದುಬಿಟ್ಟ ವೆಂಕಟರಾಯಪ್ಪ.

ದಾರಿಯುದ್ದಕ್ಕೂ ಜೋಡಿಸಿದ್ದ ಮಾತುಗಳಲ್ಲಿ ಇದು ಇರಲೇ ಇಲ್ಲ. ಆಡಿದ ಮೇಲೆ ಅವನೇ ಬೆಚ್ಚಿದ. ಸೊಸೆ ಕಾಫಿ ಲೋಟಗಳನ್ನು ಸದ್ದಿಲ್ಲದೆ ಇಟ್ಟು ಒಳಗೆ ಹೋದಳು. ಮೂರ್ತಿ ಇನ್ನೊಂದು ಕಾಲಿನ ಚಪ್ಪಲಿಯನ್ನೂ ಬಿಚ್ಚಿ ಹೊರಗಿಟ್ಟು ಬಂದು, ವೆಂಕಟರಾಯಪ್ಪನ ಎದುರು ನೆಲದ ಮೇಲೆಯೇ ಕೂತ.

"ಹೇಳಣ್ಣ."

ಹೇಳಿದ. ಒಮ್ಮೆ ಶುರುವಾದಮೇಲೆ ಕಷ್ಟವಾಗಲಿಲ್ಲ. ಗೋಡೌನು, ಚಿನ್ನಸ್ವಾಮಿ, ಪಾರ್ಸಲ್ ಕಂಪನಿ, ಪೈಪು ತಟ್ಟಿ ನೋಡಿದ ಗುಜರಿಯವನು. "ಗೌರಿ ಹಬ್ಬಕ್ಕೆ ಮುಂಚೆ ಬಾಡಿಗೆ ಕೊಡ್ದೆ ಇದ್ರೆ ಎಲ್ಲಾ ತೂಕಕ್ಕೆ ಹೋಗುತ್ತೆ ಮೂರ್ತಿ. ಮನೇಲಿ ಇಡೋಕೆ ಜಾಗ ಇಲ್ಲ. ಅದು ಹೋದ್ರೆ ನಾನು..." ಅಂದವನು ಅಲ್ಲಿಗೆ ನಿಲ್ಲಿಸಿದ. ಅದು ಹೋದರೆ ತಾನು ಯಾರು ಅನ್ನುವುದು ಅವನಿಗೇ ಗೊತ್ತಿರಲಿಲ್ಲ.

ಮೂರ್ತಿ ತಲೆ ಕೆರೆದುಕೊಂಡ. ತಾಯಿಯ ಕಡೆ ನೋಡಿದ. ಆಮೇಲೆ ನಕ್ಕ, ಆದರೆ ಅದು ಅವನ ಫ್ಲೆಕ್ಸಿನ ಮೇಲಿನ ನಗುವಲ್ಲ.

"ಅಣ್ಣಾ, ನಿನ್ನ ಹತ್ರ ಸುಳ್ಳು ಹೇಳಲ್ಲ. ಊರೆಲ್ಲಾ ಮೂರ್ತಿ ಹತ್ರ ದುಡ್ಡು ಮಸ್ತಾಗಿದೆ ಅನ್ಕಂಡೈತೆ. ಇದ್ದಿದ್ದನ್ನೆಲ್ಲಾ ಸೈಟಿಗೆ ಸುರಿದು ಕೂತಿದೀನಿ. ಒಂದೂ ಹೋಗ್ತಾ ಇಲ್ಲ. ಈ ಕಾರಿನ ಕಂತು ಕಟ್ಟೋಕೆ ಇವತ್ತು ದೇವನಹಳ್ಳೀಲಿ ಒಬ್ಬರ ಮುಂದೆ ಕೈಕಟ್ಕಂಡು ನಿಂತಿದ್ದೆ. ಆಗ್ಲೇ ಫೋನ್ ಬಂತು, ಅಮ್ಮ ಹೋದ್ರು ಅಂತ."

"ಕೊಟ್ರಾ?" ಅಂದ ವೆಂಕಟರಾಯಪ್ಪ. ನಿಜವಾದ ಕಾಳಜಿಯಿಂದ ಕೇಳಿದ.

"ಎಲ್ಲಿ ಕೊಡೋದು, ಅಳ್ತಾ ಓಡ್ಬಂದೆ. ಈಗ ಮತ್ತೆ ಹೋದ್ರೆ, ಅಮ್ಮ ಬದುಕಿದ್ರು ಅಂದ್ರೆ, ಯಾವನ್ ನಂಬ್ತಾನೆ?"

ವರಲಕ್ಷ್ಮಮ್ಮ ಮತ್ತೆ ನಗಲು ಶುರುಮಾಡಿ, ಸೊಂಟ ಹಿಡಿದುಕೊಂಡರು. ಈ ಸಲ ಮೂವರೂ ನಕ್ಕರು. ಸಾಲ ಕೇಳುವವರಿಬ್ಬರು ಎದುರುಬದುರು ಕೂತು ಕಾಫಿ ಕುಡಿದರು.

ಲೋಟ ಕೆಳಗಿಟ್ಟವನೇ ಮೂರ್ತಿಗೆ ಏನೋ ಹೊಳೆಯಿತು. "ತಡಿ ತಡಿ" ಅಂದು ಫೋನು ಹಿಡಿದುಕೊಂಡು ಅಂಗಳಕ್ಕೆ ಹೋದ. ಅವನ ದನಿ ಒಮ್ಮೆ ಬಗ್ಗಿತು, ಒಮ್ಮೆ ನಗಾಡಿತು, "ಹೌದಣ್ಣ, ಆಗ್ಲಣ್ಣ, ನಮ್ಮೋರೇ ಅಣ್ಣ" ಅಂದಿತು. ಒಳಗೆ ಬಂದಾಗ ಮುಖ ಅರಳಿತ್ತು.

"ಕೆಲ್ಸ ಆಯ್ತಣ್ಣ! ನಮ್ಮ ಪಕ್ಷದ ದೊಡ್ಡೋರ ಹತ್ರ ಮಾತಾಡ್ದೆ. ಪಂಚಾಯ್ತಿ ಎಲೆಕ್ಷನ್ ಬರ್ತಿದೆಯಲ್ಲ, ಕಷ್ಟದಲ್ಲಿರೋರಿಗೆ ಸಹಾಯ ಅಂತ ಅವರು ಒಂದಿಷ್ಟು ತೆಗೆದಿಟ್ಟವ್ರೆ. ಇಡೀ ವರ್ಷದ ಬಾಡಿಗೆ ಕಟ್ತಾರೆ. ಹಳೇ ಬಟ್ಟೆ ಎಲ್ಲಾ ಬಿಸಾಕು, ದೊಡ್ಡ ಸೆಟ್ಟಿಗೆ, ಚಿಕ್ಕ ಸೆಟ್ಟಿಗೆ ಎರಡಕ್ಕೂ ಹೊಸಾ ಬಟ್ಟೆ. ವಾಪಸ್ ಕೊಡೋ ಮಾತಿಲ್ಲ."

ವೆಂಕಟರಾಯಪ್ಪ ಕೈಯೆತ್ತಿ ಮುಗಿಯಲು ಹೋದ.

"ಒಂದೇ ಒಂದು" ಅಂದ ಮೂರ್ತಿ. "ಬಟ್ಟೆ ಮೇಲೆ ಅವರ ಹೆಸರು, ಫೋಟೋ ಇರ್ಬೇಕಂತೆ. ಎಲ್ಲಾ ಬಟ್ಟೆ ಮೇಲೆ. ಪ್ರಿಂಟು ಅವರೇ ಮಾಡಿಸಿ ಕಳಿಸ್ತಾರೆ. ನಿಂಗೇನೂ ಕೆಲ್ಸ ಇಲ್ಲ."

ಮುಗಿಯಲು ಎತ್ತಿದ ಕೈ ಮೆಲ್ಲಗೆ ಮಡಿಲಿಗೆ ಇಳಿಯಿತು. ವೆಂಕಟರಾಯಪ್ಪ ಕಿಟಕಿಯಾಚೆ ಅಂಗಳವನ್ನು ನೋಡಿದ. ಅಲ್ಲಿ ಬಿಸಿಲು ತುಳಸಿಕಟ್ಟೆಯವರೆಗೆ ಬಂದಿತ್ತು. ಗೌರಿ ಹಬ್ಬಕ್ಕೆ ಹೆಚ್ಚು ದಿನವಿರಲಿಲ್ಲ. ಹ್ಞೂಂ ಅಂದರೆ ಸಾಕಿತ್ತು. ಅನುಸೂಯಮ್ಮ ಬಾಗಿಲಲ್ಲಿ ಕಾಯುತ್ತಿರುತ್ತಾಳೆ. ಅವಳಿಗೆ ಏನು ಹೇಳುವುದು?

"ಏನ್ ಯೋಚ್ನೆ ಮಾಡ್ತಿದೀಯಾ? ಬಾಯಿ ಬಿಟ್ಟು ಹೇಳು" ಅಂದರು ವರಲಕ್ಷ್ಮಮ್ಮ.

"ಅಮ್ಮಾ, ದೊಡ್ಡಮುನಿಯಪ್ಪ ಜ್ಞಾಪಕಕ್ಕೆ ಬಂದ."

ದೊಡ್ಡಮುನಿಯಪ್ಪ ಅದೇ ಊರಿನವನು, ಎದುರು ಪಕ್ಷದವನು. ಹಿಂದಿನ ಚುನಾವಣೆಯಲ್ಲಿ ಅವನಿಗೂ ಮೂರ್ತಿಗೂ ಅಂಗಿ ಹರಿಯುವಷ್ಟು ಜಗಳವಾಗಿ, ಅಲ್ಲಿಂದ ಎರಡೂ ಮನೆಗೆ ಹೋಗುವುದು ಬರುವುದು ನಿಂತಿತ್ತು. ಮೂರ್ತಿಯ ಮುಖ ಗಂಟಾಯಿತು. "ಅವನ ಮಾತ್ಯಾಕೆ ಈಗ?"

"ಅವನ ಹೆಂಡ್ತಿ ಹೋದಾಗ ನೀನು ಬಂದಿದ್ದೆ. ಬಂದು ರಸ್ತೆಯಲ್ಲೇ ನಿಂತ್ಕಂಡಿದ್ದೆ. ಒಳಕ್ ಬರೋಕೆ ಮನಸಿಲ್ಲ, ಹೋಗೋಕೂ ಮನಸಿಲ್ಲ. ನಾನು ಒಂದು ಕುರ್ಚಿ ತಂದು ಶಾಮಿಯಾನದ ಮೂಲೆಗೆ ಹಾಕ್ದೆ. ಕೂತ್ಕಂಡೆ. ಅವನೂ ನೋಡ್ದ, ನೋಡಿ ಸುಮ್ನಾದ. ಆಮೇಲೆ ಎತ್ತೋವಾಗ ನೀನೂ ಹೋಗಿ ಹೆಗಲು ಕೊಟ್ಟೆ. ಹೌದೋ ಅಲ್ವೋ?"

ಮೂರ್ತಿ ಹೌದೆನ್ನುವಂತೆ ತಲೆಯಾಡಿಸಿದ.

"ಅವತ್ತು ಆ ಬಟ್ಟೆ ಮೇಲೆ ಅವರ ಪಕ್ಷದೋರ ಫೋಟೋ ಇದ್ದಿದ್ರೆ ನೀನು ಅದರ ಕೆಳಗೆ ಕೂರ್ತಿದ್ಯಾ? ನಿಮ್ಮೋರ ಫೋಟೋ ಇದ್ದಿದ್ರೆ ಅವನು ತನ್ನ ಅಂಗಳದಲ್ಲಿ ಕಟ್ಟೋಕೆ ಬಿಡ್ತಿದ್ನಾ? ಸಾವಾದ್ರೆ ನಾನು ಯಾರ ಮನೆಗೂ ಕರೆಸ್ಕಳ್ದೆ ಹೋಗೋನು ಮೂರ್ತಿ. ಹೆಸರು ಹೊತ್ಕಂಡು ಹೋದ್ರೆ, ಅರ್ಧ ಊರಲ್ಲಿ ಗೇಟೇ ತೆಗೆಯಲ್ಲ. ಅಮ್ಮ ನೂರು ವರ್ಷ ಬಾಳ್ಲಿ, ಆದ್ರೆ ಒಂದಿನ ಅಂತ ಬಂದಾಗ, ಈ ಅಂಗಳಕ್ಕೆ ದೊಡ್ಡಮುನಿಯಪ್ಪ ಬರ್ಬೇಕೋ ಬೇಡ್ವೋ?"

"ಬರ್ದೆ ಏನು?" ಅಂದರು ವರಲಕ್ಷ್ಮಮ್ಮ. "ಅವರಮ್ಮನ ಬಾಣಂತನದಲ್ಲಿ ಅವನಿಗೆ ಎಣ್ಣೆ ನೀರು ಹಾಕಿದ್ದೇ ನಾನು. ಅವನು ಬರೋವರೆಗೂ ನನ್ನ ಎತ್ತೋಕೆ ಬಿಡಲ್ಲ ನಾನು."

ಮೂರ್ತಿ ನಗಲು ನೋಡಿದ, ಆಗಲಿಲ್ಲ. "ಸರಿ ಅಣ್ಣಾ, ಹಂಗಾದ್ರೆ ಗೋಡೌನು? ಗುಜರಿಗೆ ಹಾಕ್ತೀಯಾ?"

ಅದನ್ನು ವೆಂಕಟರಾಯಪ್ಪ ಆ ಗಳಿಗೆಯವರೆಗೂ ನಿರ್ಧರಿಸಿರಲಿಲ್ಲ. ಅಂಗಳ ನೋಡುತ್ತಾ, ಚಿಕ್ಕ ಸೆಟ್ಟು ಸಾಕು ಅಂತ ಆಗಲೇ ಮನಸ್ಸು ಹೇಳಿದ್ದು ಈಗ ಬೇರೆಯೇ ಥರ ಕೇಳಿಸಿತು.

"ದೊಡ್ಡ ಸೆಟ್ಟು ಕೊಟ್ಬಿಡ್ತೀನಿ. ತೂಕಕ್ಕಲ್ಲ. ನೆಲಮಂಗಲದಲ್ಲಿ ನನ್ ಥರದೋನೇ ಒಬ್ಬ ಅವ್ನೆ, ಹೋದ ವರ್ಷವೇ ಕೇಳ್ದ. ಚಿನ್ನಸ್ವಾಮಿ ಬಾಕಿ ತೀರುತ್ತೆ. ಚಿಕ್ಕದನ್ನ ಮನೆ ಹಿಂದೆ ನಾಲ್ಕು ಶೀಟು ಹಾಕ್ಕಂಡು ಇಟ್ಕತೀನಿ. ಸಭೆ ಗಿಬೆ ಮಾಡೋರು ಬ್ಯಾರೆಯೋರನ್ನ ನೋಡ್ಕಳ್ಲಿ. ಮನೆಗಳಿಗೆ ನಾನಿರ್ತೀನಿ."

ಮೂರ್ತಿಗೆ ಇದು ಒಪ್ಪಿಗೆಯಾಗಲಿಲ್ಲ. ಕೊಡುವ ಕೈಗೆ ಕೊಡಲು ಸಿಗದಿದ್ದರೆ ಆಗುವ ಚಡಪಡಿಕೆ ಅವನದು. ವೆಂಕಟರಾಯಪ್ಪ ಎದ್ದು, ವರಲಕ್ಷ್ಮಮ್ಮನ ಕಾಲಿಗೆ ನಮಸ್ಕಾರ ಮಾಡಿ ಹೊರಟರೂ, ಬೆನ್ನಹಿಂದೆಯೇ ಅಂಗಳಕ್ಕೆ ಬಂದ.

"ಅಣ್ಣಾ, ಕೇಳಿಲ್ಲಿ. ಚಿಕ್ಕದಾಗಿ ಹಾಕ್ಸಾನಾ. ಒಳಗಡೆ. ಒಂದು ಮೂಲೇಲಿ. ಹೊರಗಿನಿಂದ ಯಾರಿಗೂ ಕಾಣಲ್ಲ. ದೊಡ್ಡೋರಿಗೆ ನಾನು ಸಮಾಧಾನ ಹೇಳ್ಕತೀನಿ. ಬೇಡ ಅನ್ಬೇಡ."

ವೆಂಕಟರಾಯಪ್ಪ ಅವನ ಹೆಗಲ ಮೇಲೆ ಕೈಯಿಟ್ಟ.

"ಸಾವಿನ ಮನೇಲಿ ಕೂತೋರು ಒಳಗಡೆನೇ ನೋಡೋದು ಕಣೋ. ಅತ್ತು ಅತ್ತು ಸುಸ್ತಾದ್ಮೇಲೆ ತಲೆಯೆತ್ತಿ ಮೇಲೆ ನೋಡ್ತಾರೆ. ಅಲ್ಲಿ ಯಾರ ಮುಖಾನೂ ಇರೋದು ಬೇಡ. ನೀನು ಮನಸಿಟ್ಟು ಕೇಳ್ದೆ, ನಂಗೆ ಅಷ್ಟೇ ಸಾಕು. ನಿಮ್ಮ ದೊಡ್ಡೋರಿಗೆ ನನ್ ನಮಸ್ಕಾರ ಹೇಳು. ಬೇಡವಂತೆ ಅಂತ ಹೇಳು."